ಚಿತ್ರ ಹಾಕಿ ಸುಮ್ನೆ ಕೂತರೆ ಯಾರು ನೋಡುತ್ತಾರೆ? ಕಲಬುರಗಿ, ಬೀದರ್, ಯಾದಗಿರಿ ಕಡೆಯ ಕಲಾವಿದರ ಜೊತೆ ಒಂದು ಚರ್ಚೆ

ಬಣ್ಣದ ಡಬ್ಬಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಮೂರು ಜಿಲ್ಲೆಯವರು ಆನ್‌ಲೈನ್‌ನಲ್ಲಿ ಹಾಕುವ ಚಿತ್ರಗಳನ್ನು ನಾನು ಹುಡುಕಿಕೊಂಡು ಹೋಗಿ ನೋಡುತ್ತೇನೆ. ಕೆಲಸ ಚೆನ್ನಾಗಿದೆ, ಕೆಲವರದ್ದಂತೂ ಭಾಳ ಚೆನ್ನಾಗಿದೆ. ಆದರೆ ನೋಡುವವರು ಕಡಿಮೆ. ಯಾಕೆ ಅಂತ ಯೋಚಿಸಿದರೆ ನನಗೆ ಕಾಣುವ ದೊಡ್ಡ ಕಾರಣ ಒಂದಿದೆ. ಚಿತ್ರ ಹಾಕುತ್ತಾರೆ, ಕೆಳಗೆ ಸಾಲುಸಾಲು ಹ್ಯಾಶ್‌ಟ್ಯಾಗ್ ಸೇರಿಸುತ್ತಾರೆ, ಆಮೇಲೆ ಲೈಕ್ ಬರುತ್ತಾ ಅಂತ ಕಾಯುತ್ತಾರೆ. ಬೇರೆಯವರ ಚಿತ್ರದ ಕಡೆ ಹೋಗುವುದೇ ಇಲ್ಲ. ಹೋದರೂ ಒಂದು ಬೆಂಕಿ ಇಮೋಜಿ ಒತ್ತಿ ಮುಂದೆ ಹೋಗುತ್ತಾರೆ. ಸಂತೆಯಲ್ಲಿ ಗಂಟು ಬಿಚ್ಚಿಟ್ಟು ಯಾರ ಜೊತೆಗೂ ಮಾತಾಡದೆ ಕೂತ ಹಾಗೆ ಇದು.

ಒಂದು ವಿಷಯ ನೋಡಿ. ಹೊಸಬರ ಚಿತ್ರವನ್ನು ಮೊದಲು ನಿಂತು ನೋಡುವವರು ಕೊಳ್ಳುವವರಲ್ಲ, ಗ್ಯಾಲರಿಯವರೂ ಅಲ್ಲ. ಚಿತ್ರ ಬಿಡಿಸುವ ಇನ್ನೊಬ್ಬರು. ಆ ನೆರಳಿಗೆ ಯಾವ ಬಣ್ಣ ಕಲಸಿದರು, ಆ ಗೆರೆ ಯಾವ ನಿಬ್ಬಿನದು ಅನ್ನುವ ಕುತೂಹಲ ಇರುವುದು ಅವರಿಗೇ. ಅವರು ನಿಮ್ಮ ಹೆಸರನ್ನು ಇನ್ನೊಬ್ಬರಿಗೆ ಹೇಳುತ್ತಾರೆ. ಪ್ರದರ್ಶನಕ್ಕೆ ಯಾರನ್ನಾದರೂ ಕರೆಯಬೇಕಾದಾಗ, ಪುಸ್ತಕದ ಮುಖಪುಟಕ್ಕೆ ಯಾರಾದರೂ ಬೇಕಾದಾಗ ಆ ಹೆಸರು ಹೀಗೇ ಬಾಯಿಂದ ಬಾಯಿಗೆ ಹೋಗುವುದು. ಅದಕ್ಕೆ ಚಿತ್ರ ಹಾಕುವಷ್ಟೇ ಹೊತ್ತನ್ನು ಬೇರೆಯವರ ಚಿತ್ರ ನೋಡುವುದಕ್ಕೆ, ಅದರ ಬಗ್ಗೆ ಎರಡು ಮಾತು ಬರೆಯುವುದಕ್ಕೆ ಕೊಡಿ ಅಂತ ನಾನು ಹೇಳುತ್ತೇನೆ.

ಇದು ಹೊಸ ವಿಷಯ ಅಲ್ಲ. ಡೀವಿಯಂಟ್‌ಆರ್ಟ್ ಅನ್ನುವ ಕಲಾವಿದರ ವೆಬ್‌ಸೈಟ್ 2000ದ ಆಗಸ್ಟ್‌ನಲ್ಲಿ ಶುರುವಾಯಿತು. ಅಲ್ಲಿ ಚಿತ್ರದ ಕೆಳಗೆ ಮಾತುಕತೆ ನಡೆಯುತ್ತಿತ್ತು. ಒಂದೊಂದು ವಿಷಯಕ್ಕೆ ಒಂದೊಂದು ಗುಂಪು ಇತ್ತು. ದಿನವೂ ಕೆಲವು ಚಿತ್ರಗಳನ್ನು ಆರಿಸಿ ಮುಂದಿಡುತ್ತಿದ್ದರು, ಆ ಆಯ್ಕೆಗೆ ಸದಸ್ಯರೇ ಬೇರೆಯವರ ಚಿತ್ರ ಸೂಚಿಸಬಹುದಿತ್ತು. ಅಂದರೆ ನಿಮ್ಮ ಕೆಲಸವನ್ನು ಯಾರೋ ಒಬ್ಬರು ಪ್ರೀತಿಯಿಂದ ನೋಡಿ 'ಇದನ್ನು ಎಲ್ಲರೂ ನೋಡಲಿ' ಅಂದರೆ ಮಾತ್ರ ನೀವು ಮೇಲೆ ಬರುತ್ತಿದ್ದಿರಿ. ಜಪಾನಿನ ಪಿಕ್ಸಿವ್ 2007ರಲ್ಲಿ ಬಂತು, ಅದೂ ಚಿತ್ರ ಬಿಡಿಸುವವರಿಗಾಗಿಯೇ ಕಟ್ಟಿದ್ದು. 2010ರಲ್ಲಿ ಬಂದ ಇನ್‌ಸ್ಟಾಗ್ರಾಮ್ ಹಾಗಲ್ಲ. ಅದು ಫೋನಿನ ಫೋಟೊಗೆ ಮಾಡಿದ್ದು, ಬೆರಳು ಎಳೆದ ಹಾಗೆ ಚಿತ್ರ ಹೋಗಿಬಿಡುತ್ತದೆ. ನಾವು ಹೆಚ್ಚಿನವರು ಈಗ ಇರುವುದು ಅಲ್ಲೇ. ಹಾಗಾಗಿ ನಿಂತು ನೋಡುವ ಅಭ್ಯಾಸವನ್ನು ನಾವೇ ಬೇಕಂತ ಇಟ್ಟುಕೊಳ್ಳಬೇಕು.

ನಿಮ್ಮ ಅನುಭವ ಏನು? ಒಪ್ಪದಿದ್ದರೂ ಬರೆಯಿರಿ.


ತೊಗರಿ ಹೊಲ, ಆಳಂದ

ಅಕ್ಕ, ನಾನು ಒಪ್ಪಲ್ಲ. ಎಷ್ಟು ಜನರ ಚಿತ್ರಕ್ಕೆ ಎಷ್ಟೇ ಒಳ್ಳೆ ಮಾತು ಬರೆದರೂ ಕೊನೆಗೆ ತೋರಿಸುವುದು ಬಿಡುವುದು ಅಲ್ಗಾರಿದಮ್, ಅಂದರೆ ಯಾರಿಗೆ ಏನು ಕಾಣಿಸಬೇಕು ಅಂತ ಆರಿಸುವ ಆ್ಯಪ್‌ನ ಲೆಕ್ಕಾಚಾರ. ಮುಂಚೆ ಇನ್‌ಸ್ಟಾಗ್ರಾಮ್‌ನಲ್ಲಿ ಯಾರು ಯಾವಾಗ ಹಾಕಿದರೋ ಅದೇ ಸಾಲಿನಲ್ಲಿ ಬರುತ್ತಿತ್ತು. 2016ರಲ್ಲಿ ಅದನ್ನು ತೆಗೆದರು. 2021ರಲ್ಲಿ ಇನ್‌ಸ್ಟಾಗ್ರಾಮ್ ಮುಖ್ಯಸ್ಥ ಆಡಮ್ ಮೊಸ್ಸೆರಿ, ಇದು ಇನ್ನು ಬರೀ ಫೋಟೊ ಹಂಚುವ ಆ್ಯಪ್ ಅಲ್ಲ ಅಂತ ನೇರವಾಗಿ ಹೇಳಿಬಿಟ್ಟರು. ನಾನು ಜಲವರ್ಣದಲ್ಲಿ ಹೊಲ, ಗುಡ್ಡ, ಎತ್ತು ಬಿಡಿಸುವವನು. ಒಂದು ಚಿತ್ರಕ್ಕೆ ವಾರ ಹಿಡಿಯುತ್ತದೆ. ಅದನ್ನು ಹಾಕಿದರೆ ನನ್ನನ್ನು ಫಾಲೋ ಮಾಡುವವರಿಗೇ ಕಾಣಿಸುವುದಿಲ್ಲ. ಅದೇ ಕುಂಚ ತೊಳೆಯುವ ಹತ್ತು ಸೆಕೆಂಡಿನ ವಿಡಿಯೊ ಹಾಕಿದರೆ ಸಾವಿರಾರು ಜನ ನೋಡುತ್ತಾರೆ. ಇದರಲ್ಲಿ ಮಾತುಕತೆ ಎಲ್ಲಿಂದ ಬಂತು? ಚಿತ್ರ ಬಿಡಿಸುವವನು ಚಿತ್ರ ಬಿಡಿಸಬೇಕಾ, ಇಲ್ಲ ಕುಣಿಯಬೇಕಾ?


ಬಣ್ಣದ ಡಬ್ಬಿ, ಕಲಬುರಗಿ

ತಮ್ಮಾ, ನಿನ್ನ ಸಿಟ್ಟು ನ್ಯಾಯವಾದದ್ದೇ. ಆದರೆ ಅದೇ ಮೊಸ್ಸೆರಿ ಆಮೇಲೆ ಹೇಳಿದ ಇನ್ನೊಂದು ಮಾತನ್ನೂ ನೋಡು. ಜನ ಎಷ್ಟು ಹೊತ್ತು ನೋಡಿದರು, ಎಷ್ಟು ಲೈಕ್ ಬಂತು, ಎಷ್ಟು ಜನ ಅದನ್ನು ಬೇರೆಯವರಿಗೆ ಕಳಿಸಿದರು, ಈ ಮೂರು ಮುಖ್ಯ ಅಂತ ಹೇಳಿದ್ದಾರೆ. ನಿನ್ನನ್ನು ಫಾಲೋ ಮಾಡದವರಿಗೆ ತಲುಪಬೇಕಾದರೆ ಲೈಕ್‌ಗಿಂತ ಕಳಿಸುವುದಕ್ಕೇ ತೂಕ ಜಾಸ್ತಿ. ಈಗ ಯೋಚಿಸು, ಒಬ್ಬರು ಒಂದು ಚಿತ್ರವನ್ನು ಇನ್ನೊಬ್ಬರಿಗೆ ಯಾಕೆ ಕಳಿಸುತ್ತಾರೆ? 'ನೋಡು, ನಮ್ಮೂರು' ಅಂತ ಕಳಿಸುತ್ತಾರೆ. ಶಹಾಪುರದ ಬೆಟ್ಟ ಇದೆಯಲ್ಲ, ಬುದ್ಧ ಮಲಗಿದ ಹಾಗೆ ಕಾಣುತ್ತದೆ. ಅದನ್ನು ಯಾರಾದರೂ ಚೆನ್ನಾಗಿ ಬಿಡಿಸಿ ಹಾಕಿದರೆ ಪುಣೆಯಲ್ಲಿ, ಹೈದರಾಬಾದಿನಲ್ಲಿ, ಬೆಂಗಳೂರಿನಲ್ಲಿ ಕೆಲಸಕ್ಕೆ ಇರುವ ನಮ್ಮವರು ಮನೆಯ ಗ್ರೂಪಿಗೆ ಕಳಿಸೇ ಕಳಿಸುತ್ತಾರೆ. ನಿನ್ನ ತೊಗರಿ ಹೊಲಕ್ಕೂ ಆ ಶಕ್ತಿ ಇದೆ. ಆದರೆ ನೀನು ಅದರ ಕೆಳಗೆ ಊರಿನ ಹೆಸರೇ ಬರೆಯಲ್ಲ! ನಾನು ಈಗಷ್ಟೇ ಹೋಗಿ ನೋಡಿದೆ. ಚಿತ್ರದ ಕೆಳಗೆ ಬರೀ ಇಂಗ್ಲಿಷ್ ಹ್ಯಾಶ್‌ಟ್ಯಾಗ್. ಯಾವ ಹೊಲ, ಯಾವ ತಿಂಗಳು, ಹೂ ಬಿಟ್ಟಾಗಿನದಾ ಕಾಯಿ ಕಟ್ಟಿದಾಗಿನದಾ ಅಂತ ಎರಡು ಸಾಲು ಕನ್ನಡದಲ್ಲಿ ಬರಿ. ಓದಿದವರು ಏನಾದರೂ ಹೇಳೇ ಹೇಳುತ್ತಾರೆ.

ಇನ್ನೊಂದು. 2022ರಿಂದ ಹಾಕಿದ ಸಮಯದ ಸಾಲಿನಲ್ಲೇ ನೋಡುವ ಆಯ್ಕೆ ವಾಪಸ್ ಬಂದಿದೆ. ಫಾಲೋ ಮಾಡುವವರದ್ದು ಮಾತ್ರ, ಇಲ್ಲವೇ ಇಷ್ಟದವರದ್ದು ಮಾತ್ರ ಅಂತ ಬದಲಿಸಿಕೊಳ್ಳಬಹುದು. ನಮ್ಮ ಕಡೆಯ ಕಲಾವಿದರನ್ನೆಲ್ಲ ಆ ಇಷ್ಟದವರ ಪಟ್ಟಿಗೆ ಸೇರಿಸಿಕೊಂಡರೆ ಅವರ ಕೆಲಸ ನಮಗೆ ತಪ್ಪುವುದಿಲ್ಲ. ನಾವೇ ಒಬ್ಬರನ್ನೊಬ್ಬರು ನೋಡದೆ ಬೇರೆಯವರು ನೋಡಲಿಲ್ಲ ಅಂದರೆ ಹೇಗೆ?


ಡ್ರಾಯಿಂಗ್ ಮಾಸ್ತರ್, ಸುರಪುರ

ಒಳ್ಳೆ ಚರ್ಚೆ. ನಾನು ಶಾಲೆಯಲ್ಲಿ ಚಿತ್ರಕಲೆ ಕಲಿಸುವವನು, ಹಾಗಾಗಿ ಕಮೆಂಟ್ ಬರೆಯುವುದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

'ಸೂಪರ್', 'ಅದ್ಭುತ', 'ನೈಸ್ ವರ್ಕ್ ಸರ್' ಇವುಗಳಿಂದ ಬರೆದವರಿಗೂ ಲಾಭ ಇಲ್ಲ, ಓದಿದವರಿಗೂ ಇಲ್ಲ. ಚಿತ್ರವನ್ನು ಒಂದು ನಿಮಿಷ ನೋಡಿ. ದೊಡ್ಡದು ಮಾಡಿ ನೋಡಿ. ನಿಮ್ಮ ಕಣ್ಣು ಮೊದಲು ಎಲ್ಲಿ ನಿಂತಿತೋ ಅದನ್ನು ಬರೆಯಿರಿ. 'ಗೋಡೆಯ ನೆರಳಿಗೆ ಕಪ್ಪು ಹಾಕದೆ ನೇರಳೆ ಹಾಕಿದ್ದೀರಿ, ಅದರಿಂದ ಬಿಸಿಲು ಎದ್ದು ಕಾಣುತ್ತಿದೆ' ಅಂತ ಬರೆದರೆ ಆ ಕಲಾವಿದನಿಗೆ ಗೊತ್ತಾಗುತ್ತದೆ, ಇವರು ನಿಜವಾಗಿ ನೋಡಿದ್ದಾರೆ ಅಂತ. ಆಮೇಲೆ ಒಂದು ಪ್ರಶ್ನೆ ಕೇಳಿ. ಕಾಗದ ಯಾವುದು, ಒದ್ದೆ ಇರುವಾಗಲೇ ಬಣ್ಣ ಬಿಟ್ಟಿರಾ, ಹೀಗೆ. ಪ್ರಶ್ನೆಗೆ ಉತ್ತರ ಬರುತ್ತದೆ. ಉತ್ತರದಿಂದ ಪರಿಚಯ ಬೆಳೆಯುತ್ತದೆ. ತಪ್ಪು ಎತ್ತಿ ತೋರಿಸುವುದು ಮಾತ್ರ ಅವರು ಕೇಳಿದಾಗಲೇ. ಕೇಳದೆ ಎಲ್ಲರೆದುರು 'ಕೈಯ ಅಳತೆ ತಪ್ಪಿದೆ' ಅಂದರೆ ಹೊಸಬರು ಚಿತ್ರ ಹಾಕುವುದನ್ನೇ ಬಿಟ್ಟುಬಿಡುತ್ತಾರೆ. ಮಕ್ಕಳ ಜೊತೆ ಇದ್ದು ಇದನ್ನು ನಾನು ಚೆನ್ನಾಗಿ ಕಂಡಿದ್ದೇನೆ. ವೆಟ್‌ಕ್ಯಾನ್ವಾಸ್ ಅಂತ 1998ರಿಂದ ಇರುವ ವೇದಿಕೆ ಇದೆ. ವಿಮರ್ಶೆ ಬೇಕು ಅಂತ ಕೇಳಿ ಚಿತ್ರ ಹಾಕುವವರು ಅಲ್ಲಿ ಬೇಕಾದಷ್ಟು. ತೈಲವರ್ಣ, ಜಲವರ್ಣ ಕಲಿಯುವವರು ಅಲ್ಲಿನ ಹಳೆಯ ಮಾತುಕತೆ ಓದಿದರೂ ಸಾಕು, ಎಷ್ಟೋ ಕಲಿಯಬಹುದು.

ಇನ್ನೊಂದು ನಮ್ಮೂರಿನ ಸಂಕಟ. ಸುರಪುರ ಶೈಲಿಯ ಚಿತ್ರ ಅಂದರೆ ಸೂಕ್ಷ್ಮ ಗೆರೆ, ಬಂಗಾರದ ಕೆಲಸ. ನಾಯಕ ಅರಸರ ಕಾಲದಲ್ಲಿ ಬೆಳೆದ ಕಲೆ ಇದು. ಇದನ್ನು ಫ್ಲ್ಯಾಶ್ ಹಾಕಿ ಫೋಟೊ ತೆಗೆದರೆ ಬಂಗಾರವೆಲ್ಲ ಸತ್ತುಹೋದ ಹಳದಿಯಾಗಿ ಕಾಣುತ್ತದೆ. ನೋಡುವವರಿಗೆ ಇದೇನು ವಿಶೇಷ ಅನ್ನಿಸುತ್ತದೆ. ಹೀಗೆ ಮಾಡಿ. ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಕಡೆ ಚಿತ್ರ ಇಟ್ಟು ನೇರವಾಗಿ ಒಂದು ಫೋಟೊ. ಆಮೇಲೆ ಚಿತ್ರವನ್ನು ಬೆಳಕಿಗೆ ಮೆಲ್ಲಗೆ ಓರೆ ಮಾಡುತ್ತಾ ಒಂದು ಚಿಕ್ಕ ವಿಡಿಯೊ. ಬಂಗಾರ ಮಿನುಗುವುದು ಅದರಲ್ಲೇ ಕಾಣುವುದು. ತೊಗರಿ ಹೊಲದ ತಮ್ಮಾ, ವಿಡಿಯೊ ಅಂದರೆ ಕುಣಿಯಬೇಕು ಅಂತ ಏನಿಲ್ಲ. ಚಿತ್ರಕ್ಕೆ ಬೇಕಿದ್ದರೆ ಮಾತ್ರ ಮಾಡಪ್ಪ.


ಕರಿ ಲೋಹ, ಬೀದರ್

ಮಾಸ್ತರ್ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮದು ಬಿದರಿ ಕೆಲಸ. ಸತುವು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ಯುತ್ತೇವೆ. ಆಮೇಲೆ ಕೆತ್ತನೆ, ಬೆಳ್ಳಿ ತಂತಿ ಕೂರಿಸುವುದು. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಸೇರಿಸಿದ ಬಿಸಿ ನೀರಿನಲ್ಲಿ ಹಾಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪಾಗುವ ಗಳಿಗೆಯ ವಿಡಿಯೊ ಹಾಕಿದಾಗ ನಮಗೆ ಎಲ್ಲೆಲ್ಲಿಂದಲೋ ಪ್ರಶ್ನೆ ಬಂದವು. ಮಣ್ಣಲ್ಲಿ ಏನಿದೆ, ಬೆಳ್ಳಿ ಯಾಕೆ ಕಪ್ಪಾಗಲ್ಲ ಅಂತ. ಪ್ರತಿಯೊಬ್ಬರಿಗೂ ಉತ್ತರ ಬರೆದೆವು. ಆ ಪ್ರಶ್ನೆ ಕೇಳಿದವರಲ್ಲೇ ಕೆಲವರು ಆಮೇಲೆ ಹೂದಾನಿ, ಪೆಟ್ಟಿಗೆ ಕೊಂಡರು. ಹಾಗಾಗಿ ಅಕ್ಕ ಹೇಳುವುದನ್ನು ನಾನು ಒಪ್ಪುತ್ತೇನೆ. ಉತ್ತರ ಕೊಡುವುದೂ ಕೆಲಸದ ಭಾಗವೇ. 2023ರಲ್ಲಿ ನಮ್ಮ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಬಿದರಿ ಅಂದರೇನು ಅಂತ ಹುಡುಕುವವರು ಜಾಸ್ತಿಯಾದರು. ಹಾಗೆ ಹುಡುಕಿಕೊಂಡು ಬಂದವರ ಜೊತೆ ಮಾತಾಡಲು ನಾವು ಅಲ್ಲಿ ಇರಬೇಕು, ಅಲ್ವಾ?

ಆದರೆ ಒಂದು ಎಚ್ಚರಿಕೆ. ಎಲ್ಲವನ್ನೂ ತೋರಿಸಬೇಡಿ. ನಾವು ಹಾಕಿದ ಹೊಸ ಬಳ್ಳಿಯ ವಿನ್ಯಾಸವನ್ನು ಬೇರೆಯವರು ಅಗ್ಗದ ಲೋಹದಲ್ಲಿ ಅಚ್ಚು ಹೊಯ್ದು ಆನ್‌ಲೈನ್‌ನಲ್ಲಿ ಮಾರಿದರು. ಬಿದರಿಗೆ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತು ಇದೆ, ಯಾರೂ ಏನೂ ಮಾಡಲು ಆಗಲ್ಲ ಅಂತ ನಮ್ಮವರು ತಿಳಿದಿರುತ್ತಾರೆ. ಜಿಐ ಕಾಯುವುದು ಬಿದರಿ ಅನ್ನುವ ಹೆಸರನ್ನು. ನೀವು ಬಿಡಿಸಿದ ಹೊಸ ವಿನ್ಯಾಸವನ್ನು ಅದು ಕಾಯುವುದಿಲ್ಲ. ಅದಕ್ಕೆ 2000ದ ವಿನ್ಯಾಸ ಕಾಯ್ದೆಯಲ್ಲಿ ಬೇರೆ ನೋಂದಣಿ ಇದೆ. ಮೊದಲು 10 ವರ್ಷ, ಆಮೇಲೆ ಇನ್ನೂ 5 ವರ್ಷ ಮುಂದುವರಿಸಬಹುದು. ಇಲ್ಲಿ ಮುಖ್ಯ ವಿಷಯ ಏನೆಂದರೆ ವಿನ್ಯಾಸ ಹೊಸದಾಗಿರಬೇಕು, ಮುಂಚೆ ಎಲ್ಲೂ ಪ್ರಕಟವಾಗಿರಬಾರದು. ಅಂದರೆ ನೀವೇ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿಬಿಟ್ಟರೆ ಅದು ಪ್ರಕಟವಾದ ಹಾಗೇ ಆಯಿತು. ನೋಂದಣಿ ಮಾಡಿಸುವ ಯೋಚನೆ ಇದ್ದರೆ ಮೊದಲು ಅರ್ಜಿ, ಆಮೇಲೆ ಫೋಟೊ. ನಮ್ಮ ಕಡೆ ಇದನ್ನು ಹೇಳುವವರೇ ಇಲ್ಲ, ಅದಕ್ಕೆ ಇಷ್ಟು ಬಿಡಿಸಿ ಬರೆದೆ.


ನೀಲಿ ಮಸಿ, ಯಾದಗಿರಿ

ನಾನು ಡಿಗ್ರಿ ಓದುತ್ತಿದ್ದೇನೆ, ಬಾಲ್‌ಪೆನ್ನಿನಲ್ಲಿ ಮುಖಚಿತ್ರ ಬಿಡಿಸುತ್ತೇನೆ. ಅಕ್ಕ, ನಿಮ್ಮ ಮಾತು ಓದಿ ಧೈರ್ಯ ಬಂತು. ಕೆಲವು ಪ್ರಶ್ನೆ ಇವೆ.

ಕಲಾಪುಟ ಅಂತ ಹೇಳಿಕೊಳ್ಳುವ ಕೆಲವು ಪೇಜುಗಳಿಂದ ಮೆಸೇಜ್ ಬರುತ್ತಿರುತ್ತದೆ. ನಿಮ್ಮ ಚಿತ್ರ ನಮ್ಮ ಪೇಜಿನಲ್ಲಿ ಹಾಕುತ್ತೇವೆ, ಇಷ್ಟು ದುಡ್ಡು ಕಳಿಸಿ ಅಂತ. ಇನ್ನು ಕೆಲವರು ಆನ್‌ಲೈನ್ ಸ್ಪರ್ಧೆ, ಶುಲ್ಕ ಕಟ್ಟಿದರೆ ಎಲ್ಲರಿಗೂ ಪ್ರಶಸ್ತಿ ಪತ್ರ ಅನ್ನುತ್ತಾರೆ. ನನ್ನ ಗೆಳತಿಯರು ಕಟ್ಟಿದ್ದಾರೆ. ಕಟ್ಟಬೇಕಾ? ಇಲ್ಲಿಯ ಒಂದು ಹೋಟೆಲಿನವರು ಗೋಡೆಗೆ ಚಿತ್ರ ಬಿಡಿಸಿಕೊಡು, ದುಡ್ಡು ಇಲ್ಲ, ಆದರೆ ನಿನಗೆ ಪ್ರಚಾರ ಸಿಗುತ್ತದೆ ಅಂದರು. ಇದಕ್ಕೆ ಏನು ಹೇಳಬೇಕು?

ಮತ್ತೆ ಕೊನೆಯದು, ಬರೆಯೋಕೆ ಸ್ವಲ್ಪ ಸಂಕೋಚ. ಕಮೆಂಟ್‌ಗೆಲ್ಲ ಉತ್ತರ ಕೊಡಿ ಅಂತೀರಿ. ಆದರೆ ಹುಡುಗಿ ಅಂತ ಗೊತ್ತಾದ ಕೂಡಲೇ ಚಿತ್ರ ಬಿಟ್ಟು ಬೇರೆ ಮಾತಿಗೆ ಬರುವವರು ಭಾಳ. ಇದರಿಂದ ಮನೆಯಲ್ಲಿ ಅಕೌಂಟೇ ಬೇಡ ಅನ್ನುತ್ತಿದ್ದಾರೆ.


ಬಣ್ಣದ ಡಬ್ಬಿ, ಕಲಬುರಗಿ

ತಂಗಿ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ನಿನ್ನ ಮುಖ, ಊರಿನ ಓಣಿ, ಕಾಲೇಜು ಯಾವುದೂ ಅಕೌಂಟಿನಲ್ಲಿ ಇರಬೇಕಾಗಿಲ್ಲ. ಕಲಾವಿದೆಗೆ ಒಂದು ಹೆಸರು, ಒಂದು ಕೈಬರಹದ ಸಹಿ ಇದ್ದರೆ ಸಾಕು. ಮಾತುಕತೆ ಎಲ್ಲವೂ ಚಿತ್ರದ ಕೆಳಗೇ ನಡೆಯಲಿ, ಎಲ್ಲರಿಗೂ ಕಾಣುವ ಹಾಗೆ. ಖಾಸಗಿ ಮೆಸೇಜ್ ಯಾರು ಕಳಿಸಬಹುದು ಅನ್ನುವುದನ್ನು ಸೆಟ್ಟಿಂಗ್‌ನಲ್ಲಿ ಬಿಗಿ ಮಾಡು. ಚಿತ್ರ ಬಿಟ್ಟು ಬೇರೆ ಮಾತಿಗೆ ಬಂದವರನ್ನು ಬ್ಲಾಕ್ ಮಾಡು. ಅವರಿಗೆ ವಿವರಣೆ ಕೊಡುವುದು ಬೇಡ, ಮರ್ಯಾದೆಗೆ ನಕ್ಕು ಉತ್ತರ ಕೊಡುವುದೂ ಬೇಡ. ಆರ್ಡರ್ ವಿಚಾರಕ್ಕೆ ಒಂದು ಬೇರೆ ಇಮೇಲ್ ಇಟ್ಟುಕೋ, ಫೋನ್ ನಂಬರ್ ಕೊಡಬೇಡ. ಮನೆಯವರಿಗೆ ಆ ಅಕೌಂಟ್ ತೋರಿಸಿ, ನಿನಗೆ ಬಂದ ಒಳ್ಳೆಯ ಮಾತುಗಳನ್ನು ಓದಿ ಹೇಳು. ನಮ್ಮ ಅಪ್ಪ ಅವ್ವ ಹೆದರುವುದು ಏನು ನಡೆಯುತ್ತಿದೆ ಅಂತ ಗೊತ್ತಾಗದೆ. ಗೊತ್ತಾದರೆ ಅವರೇ ನಿನ್ನ ಬೆನ್ನಿಗೆ ನಿಲ್ಲುತ್ತಾರೆ. ಇಷ್ಟು ಒಳ್ಳೆ ಕೈ ಇರುವ ಹುಡುಗಿ ಆ ಜನರಿಗೆ ಹೆದರಿ ಅಕೌಂಟ್ ಮುಚ್ಚಬಾರದು ಅಂತ ನನ್ನ ಆಸೆ.

ದುಡ್ಡು ಕೇಳುವ ಪೇಜುಗಳಿಗೆ ಒಂದು ರೂಪಾಯಿ ಕೊಡಬೇಡ. ಆ ಪೇಜ್ ತೆರೆದು ನೋಡು. ಚಿತ್ರಗಳ ಕೆಳಗೆ ಯಾರಾದರೂ ನಿಜವಾಗಿ ಮಾತಾಡುತ್ತಿದ್ದಾರಾ? ಹೆಚ್ಚಾಗಿ ಇರುವುದಿಲ್ಲ. ಅಲ್ಲಿರುವ ಸಾವಿರಾರು ಫಾಲೋವರ್ಸ್ ಎಲ್ಲ ನಿನ್ನ ಹಾಗೆ ತಮ್ಮ ಚಿತ್ರ ಬರಲಿ ಅಂತ ಕಾಯುತ್ತಿರುವವರೇ. ನೋಡಲು ಬಂದವರು ಯಾರೂ ಇಲ್ಲ. ಶುಲ್ಕ ಕಟ್ಟಿದವರಿಗೆಲ್ಲ ಕೊಡುವ ಪ್ರಶಸ್ತಿ ಪತ್ರಕ್ಕೆ ಯಾವ ಕಲಾ ಕಾಲೇಜಿನಲ್ಲೂ, ಯಾವ ಕೆಲಸದಲ್ಲೂ ಬೆಲೆ ಇಲ್ಲ. ಆ ದುಡ್ಡಿಗೆ ಒಳ್ಳೆ ಕಾಗದ ತಗೋ.

ಹೋಟೆಲಿನವರಿಗೆ ಹೀಗೆ ಹೇಳು. ಬಣ್ಣದ ಖರ್ಚು, ದಿನದ ಕೂಲಿ ಸೇರಿ ಇಷ್ಟಾಗುತ್ತದೆ ಅಂತ ಒಂದು ಮೊತ್ತ ಬರೆದು ಕೊಡು. ಅವರು ಅಡಿಗೆಯವರಿಗೆ, ನಲ್ಲಿ ರಿಪೇರಿ ಮಾಡಿದವರಿಗೆ ದುಡ್ಡು ಕೊಡುತ್ತಾರೆ ತಾನೆ. ಒಪ್ಪಿದರೆ ಗೋಡೆಯ ಮೂಲೆಯಲ್ಲಿ ನಿನ್ನ ಸಹಿ, ಅಕೌಂಟ್ ಹೆಸರು ಬರೆಯುವ ಷರತ್ತನ್ನೂ ಸೇರಿಸು. ಒಪ್ಪದಿದ್ದರೆ ಬಿಡು. ಇನ್ನು ನಿನ್ನ ಚಿತ್ರಕ್ಕೆ ಹಕ್ಕುಸ್ವಾಮ್ಯ ನೀನು ಬಿಡಿಸಿದ ಗಳಿಗೆಯಿಂದಲೇ ಇದೆ. 1957ರ ಕಾಯ್ದೆ ಪ್ರಕಾರ ಅದಕ್ಕೆ ನೋಂದಣಿ ಕಡ್ಡಾಯ ಅಲ್ಲ. ಕಲಾವಿದರ ಜೀವಮಾನ, ಆಮೇಲೆ 60 ವರ್ಷ ಅದು ಇರುತ್ತದೆ. ಚಿತ್ರ ಮಾರಿದ ಮೇಲೂ 'ಇದು ನಾನು ಮಾಡಿದ್ದು' ಅಂತ ಹೇಳುವ ಹಕ್ಕು 57ನೇ ಕಲಮಿನಲ್ಲಿ ಉಳಿದೇ ಇರುತ್ತದೆ. ಶಿಲ್ಪಿ ಅಮರನಾಥ ಸೆಹಗಲ್ ತಮ್ಮ ಕಂಚಿನ ಭಿತ್ತಿಶಿಲ್ಪ ಹಾಳಾಗಿದ್ದಕ್ಕೆ ಸರ್ಕಾರದ ಮೇಲೇ ಕೇಸು ಹಾಕಿ 2005ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಗೆದ್ದದ್ದು ಇದೇ ಕಲಮಿನ ಬಲದಿಂದ.

ಕದಿಯುತ್ತಾರೆ ಅಂತ ಭಯ ಇದ್ದರೆ 1080 ಅಗಲ, 1350 ಎತ್ತರದ ಪಿಕ್ಸೆಲ್‌ಗೆ ಇಳಿಸಿ ಹಾಕು. ಫೋನಿನಲ್ಲಿ ಚೆನ್ನಾಗೇ ಕಾಣುತ್ತದೆ. ಆದರೆ ಇಂಚಿಗೆ 300 ಚುಕ್ಕಿಯ ಒಳ್ಳೆ ಮುದ್ರಣ ಮಾಡಲು ಹೋದರೆ ಅಗಲ ನಾಲ್ಕು ಇಂಚೂ ದಾಟಲ್ಲ. ದೊಡ್ಡ ಮೂಲ ಫೈಲ್ ನಿನ್ನ ಹತ್ತಿರವೇ ಇರಲಿ.


ಪಿಕ್ಸೆಲ್ ಕುಂಚ, ಬೀದರ್

ನಾನು ಬೀದರಿನವನು, ಈಗ ಹೈದರಾಬಾದಿನಲ್ಲಿ ಗೇಮ್ ಕಂಪನಿಗೆ ಪಾತ್ರ ಬಿಡಿಸುವ ಕೆಲಸ. ಡಿಜಿಟಲ್ ಕಡೆಯವರಿಗೆ ಒಂದೆರಡು ಮಾತು ಹೇಳುತ್ತೇನೆ. ಇನ್‌ಸ್ಟಾಗ್ರಾಮ್ ಪರಿಚಯಕ್ಕೆ ಸರಿ. ಕೆಲಸ ಕೊಡುವವರು ನೋಡುವುದು ಬೇರೆ ಕಡೆ. ಗೇಮ್, ಸಿನಿಮಾದವರು ಆರ್ಟ್‌ಸ್ಟೇಷನ್ ಅನ್ನುವ ವೆಬ್‌ಸೈಟ್ ನೋಡುತ್ತಾರೆ. ಅದು 2014ರಲ್ಲಿ ಶುರುವಾಗಿದ್ದು, 2021ರಲ್ಲಿ ಎಪಿಕ್ ಗೇಮ್ಸ್ ಕೊಂಡಿತು. ಜಾಹೀರಾತು, ಲೋಗೊ, ಪುಸ್ತಕ ವಿನ್ಯಾಸದವರು ಬಿಹ್ಯಾನ್ಸ್ ನೋಡುತ್ತಾರೆ. ಅದು 2012ರಿಂದ ಅಡೋಬಿಯದ್ದು. ಅಲ್ಲಿ ಎಲ್ಲವನ್ನೂ ಸುರಿಯಬೇಡಿ. ತುಂಬಾ ಒಳ್ಳೆಯದನ್ನು ಮಾತ್ರ ಇಡಿ, ಮೊದಲ ಕರಡು ಗೆರೆಯಿಂದ ಕೊನೆಯ ಚಿತ್ರದವರೆಗೆ ಹೇಗೆ ಬಂದಿರಿ ಅಂತ ತೋರಿಸಿ. ಕೆಲಸ ಕೊಡುವವರಿಗೆ ನಿಮ್ಮ ಯೋಚನೆ ಕಾಣಬೇಕು. ರೆಡಿಟ್ ಅನ್ನುವ ಚರ್ಚೆಯ ವೆಬ್‌ಸೈಟಿಗೆ ಹೋಗುವವರು ಒಂದು ಹಳೆಯ ರೂಢಿ ನೆನಪಿಡಿ. ಹತ್ತು ಸಲ ಏನಾದರೂ ಬರೆದರೆ ಅದರಲ್ಲಿ ನಿಮ್ಮ ಸ್ವಂತ ಪ್ರಚಾರ ಒಂದೇ ಇರಬೇಕು. ಹೋದ ದಿನವೇ ಸ್ವಂತ ಚಿತ್ರ ಸಾಲಾಗಿ ಹಾಕಿದರೆ ತೆಗೆದುಹಾಕುತ್ತಾರೆ. ಇದೂ ಅಕ್ಕ ಹೇಳಿದ ಮಾತೇ ಆಯಿತು.

ಎಐ ವಿಷಯ ಬಿಟ್ಟು ಈ ಚರ್ಚೆ ಮುಗಿಯಲ್ಲ. 2022ರ ನವೆಂಬರ್‌ನಲ್ಲಿ ಡೀವಿಯಂಟ್‌ಆರ್ಟ್ ಡ್ರೀಮ್‌ಅಪ್ ಅನ್ನುವ ಎಐ ಸಾಧನ ತಂದಾಗ ಅಲ್ಲಿನ ಹಳೆಯ ಸದಸ್ಯರೇ ತಿರುಗಿ ಬಿದ್ದರು. ಡಿಸೆಂಬರ್‌ನಲ್ಲಿ ಆರ್ಟ್‌ಸ್ಟೇಷನ್ ಮುಖಪುಟದ ತುಂಬ ಎಐ ಬೇಡ ಅನ್ನುವ ಚಿತ್ರ. ನಾನೂ ಹಾಕಿದ್ದೆ. 2024ರಲ್ಲಿ, ಹಾಕಿದ ಚಿತ್ರಗಳನ್ನು ಇನ್‌ಸ್ಟಾಗ್ರಾಮ್ ಮಾಲೀಕ ಕಂಪನಿ ಮೆಟಾ ತನ್ನ ಎಐಗೆ ಕಲಿಸಲು ಬಳಸುತ್ತದೆ ಅಂತ ಗೊತ್ತಾದಾಗ ಛಾಯಾಗ್ರಾಹಕಿ ಜಿಂಗ್ನಾ ಜಾಂಗ್ ಕಟ್ಟಿದ ಕಾರಾ ಅನ್ನುವ ಆ್ಯಪ್‌ಗೆ ಜನ ನುಗ್ಗಿದರು. ಸುಮಾರು 40,000 ಇದ್ದ ಸದಸ್ಯರು ಒಂದೇ ವಾರದಲ್ಲಿ 6 ಲಕ್ಷ ದಾಟಿದರು. ಷಿಕಾಗೊ ವಿಶ್ವವಿದ್ಯಾಲಯದವರು 2023ರಲ್ಲಿ ಗ್ಲೇಜ್ ಅನ್ನುವ ಉಚಿತ ಸಾಧನ ಕೊಟ್ಟಿದ್ದಾರೆ. ಚಿತ್ರದಲ್ಲಿ ಕಣ್ಣಿಗೆ ಅಷ್ಟಾಗಿ ಕಾಣದ ಬದಲಾವಣೆ ಮಾಡುತ್ತದೆ, ಎಐಗೆ ನಿಮ್ಮ ಶೈಲಿ ನಕಲು ಮಾಡುವುದು ಕಷ್ಟವಾಗುತ್ತದೆ. ಪೂರ್ತಿ ರಕ್ಷಣೆ ಅಂತ ಅದನ್ನು ಮಾಡಿದವರೂ ಹೇಳುವುದಿಲ್ಲ.

ನನಗೆ ಇದರಿಂದ ಅನ್ನಿಸಿದ್ದು ಏನೆಂದರೆ ಯಾವ ಜಾಗವನ್ನೂ ನಮ್ಮದು ಅಂತ ನಂಬಬಾರದು. ಮಾಲೀಕರು ಬದಲಾಗುತ್ತಾರೆ, ನಿಯಮ ಬದಲಾಗುತ್ತದೆ. ನಿಮ್ಮ ಕೆಲಸ ಇಷ್ಟಪಡುವವರ ಇಮೇಲ್ ಪಟ್ಟಿ, ಇಲ್ಲವೇ ಒಂದು ವಾಟ್ಸ್‌ಆ್ಯಪ್ ಚಾನೆಲ್ ಬೇರೆಯಾಗಿ ಇಟ್ಟುಕೊಳ್ಳಿ. ಜಾಗ ಬದಲಿಸಿದರೆ ಜನ ಜೊತೆಗೆ ಬರಬೇಕು.


ಬೋರ್ಡು ಪೇಂಟರ್, ಸೂಪರ್ ಮಾರ್ಕೆಟ್, ಕಲಬುರಗಿ

ನಮಸ್ಕಾರ ರೀ ಎಲ್ಲರಿಗೂ. ನನ್ನ ಮೊಮ್ಮಗ ಓದಿ ಹೇಳಿದ, ಅವನೇ ಟೈಪ್ ಮಾಡುತ್ತಿದ್ದಾನೆ. ನಾನು ಅಂಗಡಿ ಬೋರ್ಡು, ಲಾರಿ ಹಿಂದಿನ ಅಕ್ಷರ, ಜಾತ್ರೆ ಬ್ಯಾನರ್ ಬರೆದು ಬದುಕಿದವನು. ಫ್ಲೆಕ್ಸ್ ಬಂದ ಮೇಲೆ ಕೆಲಸ ನಿಂತುಹೋಯಿತು. ನಮಗೆಲ್ಲ ದೊಡ್ಡ ದೇವರು ಎಸ್.ಎಂ. ಪಂಡಿತರು. 1916ರಲ್ಲಿ ಇದೇ ಊರಲ್ಲಿ ಹುಟ್ಟಿ ಮುಂಬೈಯಲ್ಲಿ ಸಿನಿಮಾ ಪೋಸ್ಟರ್ ಬರೆದು ಹೆಸರು ಮಾಡಿದವರು. ಅವರ ದೇವರ ಚಿತ್ರ ಕ್ಯಾಲೆಂಡರಿನಲ್ಲಿ ಅಚ್ಚಾಗಿ ಮನೆಮನೆಗೆ ಹೋಯಿತು. ಗೋಡೆಗೆ ಹಾಕಿದವರಿಗೆ ಬರೆದವರ ಹೆಸರು ಗೊತ್ತಿರಲಿಲ್ಲ, ಆದರೆ ಆ ಮುಖ, ಆ ಮೈಬಣ್ಣ ಗುರುತಿತ್ತು. ಆಗ ಅಚ್ಚಿನ ಮನೆಯವರು ಒಪ್ಪಿದರೆ ಮಾತ್ರ ಚಿತ್ರ ಹೊರಗೆ ಬರುತ್ತಿತ್ತು. ಈಗ ಯಾರನ್ನೂ ಕೇಳಬೇಕಾಗಿಲ್ಲ. ಇದು ಎಷ್ಟು ದೊಡ್ಡ ವಿಷಯ ಅಂತ ಹುಡುಗರಿಗೆ ಗೊತ್ತಿರಲಿ. ನನ್ನ ಪ್ರಶ್ನೆ, ನಮ್ಮಂಥ ಅಕ್ಷರ ಬರೆಯುವವರಿಗೆ ಅಲ್ಲಿ ಜಾಗ ಇದೆಯಾ?


ಪಿಕ್ಸೆಲ್ ಕುಂಚ, ಬೀದರ್

ಕಾಕಾ, ಇದೆ. ಭಾಳ ಇದೆ. ಕೈಯಲ್ಲಿ ಬೋರ್ಡು ಬರೆಯುವವರ ದೊಡ್ಡ ಬಳಗವೇ ಇದೆ, ದೇಶವಿದೇಶದಲ್ಲಿ. ಒಂದೇ ಎಳೆತದಲ್ಲಿ ಅಕ್ಷರದ ಬಾಗು ತಿರುಗಿಸುವುದನ್ನು ಜನ ಪೂರ್ತಿ ನೋಡುತ್ತಾರೆ. ಕನ್ನಡ ಅಕ್ಷರದ ತಲೆಕಟ್ಟು, ಒತ್ತು ಕುಂಚದಲ್ಲಿ ಹೇಗೆ ಬರುತ್ತದೆ ಅಂತ ತೋರಿಸುವವರು ಕಡಿಮೆ. ಅಕ್ಷರ ವಿನ್ಯಾಸ ಮಾಡುವ ನನ್ನ ಗೆಳೆಯರು ಇಂಥದ್ದನ್ನೇ ಹುಡುಕುತ್ತಿರುತ್ತಾರೆ. ಮೊಮ್ಮಗನಿಗೆ ಹೇಳಿ, ಫೋನನ್ನು ನಿಮ್ಮ ಕೈಯ ಮೇಲಿಂದ ಹಿಡಿದು 'ಅ' ಇಂದ 'ಳ' ವರೆಗೆ ದಿನಕ್ಕೊಂದು ಅಕ್ಷರ ತೆಗೆಯಲಿ. ನಿಮ್ಮ ಹಳೆಯ ಬೋರ್ಡು ಎಲ್ಲೆಲ್ಲಿ ಉಳಿದಿವೆಯೋ ಅವುಗಳ ಫೋಟೊ ಕೂಡ ಬೇಕು. ಅಕೌಂಟ್ ತೆರೆದ ಕೂಡಲೇ ಇಲ್ಲಿ ಹೇಳಿ. ನನಗೆ ಗೊತ್ತಿರುವ ಡಿಸೈನರ್‌ಗಳಿಗೆಲ್ಲ ನಾನೇ ಕಳಿಸುತ್ತೇನೆ.


ಡ್ರಾಯಿಂಗ್ ಮಾಸ್ತರ್, ಸುರಪುರ

ಕಾಕಾ ಅವರ ಅಕ್ಷರ ನಮ್ಮ ಶಾಲೆಯ ಮಕ್ಕಳಿಗೂ ತೋರಿಸುತ್ತೇನೆ. ಮಕ್ಕಳು ಈಗ ಕೈಯಲ್ಲಿ ದೊಡ್ಡ ಅಕ್ಷರ ಬರೆಯುವುದನ್ನೇ ಬಿಟ್ಟಿದ್ದಾರೆ. ಒಂದು ವಿನಂತಿ, ಕಪ್ಪು ಹಲಗೆ ಮೇಲೆ ಸುಣ್ಣದ ಬಿಳಿಯಲ್ಲಿ ಬರೆದು ತೋರಿಸಿದರೆ ಮಕ್ಕಳಿಗೆ ಸುಲಭ.


ತೊಗರಿ ಹೊಲ, ಆಳಂದ

ಅಕ್ಕ, ನೀವು ಹೇಳಿದ ಹಾಗೆ ಒಂದು ಹಳೆಯ ಚಿತ್ರಕ್ಕೆ ಊರು, ಹೊಲ, ತಿಂಗಳು ಎಲ್ಲ ಕನ್ನಡದಲ್ಲಿ ಬರೆದೆ. ಲೈಕ್ ಏನು ಜಾಸ್ತಿ ಬರಲಿಲ್ಲ. ಆದರೆ ನಮ್ಮ ತಾಲ್ಲೂಕಿನವರೇ ಒಬ್ಬರು, ಈಗ ಮುಂಬೈಯಲ್ಲಿ ಇದ್ದಾರಂತೆ, ಇದು ಯಾವ ಹಳ್ಳದ ದಂಡೆ ಅಂತ ಕೇಳಿದರು. ಮಾತು ಬೆಳೆಯಿತು. ಅಲ್ಗಾರಿದಮ್ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ವಾರವಿಡೀ ಮಾಡಿದ ಚಿತ್ರವನ್ನು ಹತ್ತು ಸೆಕೆಂಡಿನ ವಿಡಿಯೊ ಕೆಳಗೆ ತಳ್ಳುವುದು ಅನ್ಯಾಯವೇ. ಆದರೆ ಆ ಒಬ್ಬರ ಪ್ರಶ್ನೆ ನನಗೆ ಬೇಕಿತ್ತು.

ನನ್ನದು ಒಂದು ಸಲಹೆ. ಆನ್‌ಲೈನ್‌ನಲ್ಲಿ ಮಾತ್ರ ಯಾಕೆ, ಒಟ್ಟಿಗೆ ಕೂತು ಬಿಡಿಸಬಾರದಾ?


ಬಣ್ಣದ ಡಬ್ಬಿ, ಕಲಬುರಗಿ

ನಾನೂ ಅದನ್ನೇ ಹೇಳಬೇಕು ಅಂದುಕೊಂಡಿದ್ದೆ ತಮ್ಮಾ. ಅರ್ಬನ್ ಸ್ಕೆಚರ್ಸ್ ಅನ್ನುವ ಬಳಗ ಹೀಗೇ ಹುಟ್ಟಿದ್ದು. ಸಿಯಾಟಲ್‌ನ ಪತ್ರಿಕೆಯೊಂದರಲ್ಲಿ ಚಿತ್ರ ಬಿಡಿಸುತ್ತಿದ್ದ ಗೇಬ್ರಿಯಲ್ ಕಂಪನಾರಿಯೊ 2007ರಲ್ಲಿ ಫ್ಲಿಕರ್ ಅನ್ನುವ ಫೋಟೊ ಹಂಚುವ ವೆಬ್‌ಸೈಟಿನಲ್ಲಿ ಒಂದು ಗುಂಪು ಮಾಡಿದರು. ಜಾಗದಲ್ಲೇ ಕೂತು, ಕಣ್ಣಿಗೆ ಕಂಡದ್ದನ್ನೇ ಬಿಡಿಸಬೇಕು, ಆಮೇಲೆ ಎಲ್ಲರ ಜೊತೆ ಹಂಚಿಕೊಳ್ಳಬೇಕು. ಇಷ್ಟೇ ಅದರ ತಿರುಳು. ಈಗ ಜಗತ್ತಿನ ಎಷ್ಟೋ ಊರುಗಳಲ್ಲಿ ಅದು ಇದೆ. ಜೇಕ್ ಪಾರ್ಕರ್ 2009ರಲ್ಲಿ ಶುರು ಮಾಡಿದ ಇಂಕ್‌ಟೋಬರ್ ಕೂಡ ಇಂಥದ್ದೇ, ಅಕ್ಟೋಬರ್‌ನ 31 ದಿನ ಮಸಿಯಲ್ಲಿ ಚಿತ್ರ. ಎಲ್ಲರೂ ಒಂದೇ ವಿಷಯ ಬಿಡಿಸಿದಾಗ ಒಬ್ಬರದನ್ನೊಬ್ಬರು ನೋಡುವ ಆಸೆ ತಾನಾಗೇ ಬರುತ್ತದೆ.

ನಮಗೆ ಜಾಗಕ್ಕೆ ಏನು ಕಡಿಮೆ? ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿ 1367ರದ್ದು, ತೆರೆದ ಅಂಗಳವೇ ಇಲ್ಲದೆ ಪೂರ್ತಿ ಗುಮ್ಮಟಗಳಿಂದ ಮುಚ್ಚಿದ ಮಸೀದಿ. ಒಳಗಿನ ಆ ಕಮಾನುಗಳ ಸಾಲು ಬಿಡಿಸಲು ಕೂತರೆ ದೃಷ್ಟಿಕೋನದ ಪಾಠ ಅಲ್ಲೇ ಆಗುತ್ತದೆ. ಬೀದರಿನಲ್ಲಿ 1472ರ ಮಹಮೂದ್ ಗವಾನ್ ಮದರಸಾದ ಬಣ್ಣದ ಹೆಂಚು, ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕೆಲಸ, ಅಷ್ಟೂರಿನ ಗೋರಿಯೊಳಗಿನ ಬಣ್ಣದ ಚಿತ್ತಾರ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಹತ್ತಿರ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೆತ್ತಿದ ಅವನದೇ ಶಿಲ್ಪ ಸಿಕ್ಕಿದೆ. ಇವುಗಳ ಫೋಟೊ ಬೇಕಾದಷ್ಟಿದೆ. ಇಲ್ಲಿಯವರೇ ಕೂತು ಬಿಡಿಸಿದ್ದು ಎಷ್ಟಿದೆ ಹೇಳಿ?

ಮೊದಲ ಸಲಕ್ಕೆ ಕಲಬುರಗಿ ಕೋಟೆ. ಬರುವ ಭಾನುವಾರ ಬೆಳಗ್ಗೆ, ಬಿಸಿಲು ಏರುವ ಮುಂಚೆ ಮುಗಿಸೋಣ. ನಮ್ಮ ಬಿಸಿಲಲ್ಲಿ ಜಲವರ್ಣ ಕಾಗದದ ಮೇಲೆ ಹರಿಯುವ ಮುಂಚೆಯೇ ಒಣಗುತ್ತದೆ. ಮಸೀದಿಯೊಳಗೆ ಹೋಗುವ ಮುಂಚೆ ಅಲ್ಲಿ ಇರುವವರನ್ನು ಕೇಳಿಯೇ ಕೂರೋಣ, ನೆಲದ ಮೇಲೆ ಬಣ್ಣ, ನೀರು ಚೆಲ್ಲಬಾರದು. ಬಿಡಿಸಿದ್ದನ್ನು ಅವತ್ತೇ ಹಾಕಿ. ಪ್ರತಿಯೊಬ್ಬರೂ ಬೇರೆ ಮೂವರ ಚಿತ್ರಕ್ಕೆ ಮಾಸ್ತರ್ ಹೇಳಿದ ಹಾಗೆ ನೋಡಿ ಬರೆಯಬೇಕು, ಇದೊಂದು ಕಡ್ಡಾಯ.


ನೀಲಿ ಮಸಿ, ಯಾದಗಿರಿ

ನಾನು ಬರುತ್ತೇನೆ ಅಕ್ಕ. ಬೆಳಗಿನ ರೈಲಿಗೆ ಅಪ್ಪನ ಜೊತೆ. ಅಪ್ಪನಿಗೆ ಈ ಚರ್ಚೆ ಓದಲು ಕೊಟ್ಟೆ, ಅವರೇ ಹೋಗೋಣ ಅಂದರು. ಹೋಟೆಲಿನವರಿಗೆ ಲೆಕ್ಕ ಬರೆದು ಕೊಟ್ಟೆ, ಇನ್ನೂ ಉತ್ತರ ಬಂದಿಲ್ಲ.


ಕರಿ ಲೋಹ, ಬೀದರ್

ನಮ್ಮ ಕಡೆಯಿಂದ ಇಬ್ಬರು ಬರುತ್ತೇವೆ. ಮುಂದಿನ ಸಲ ಬೀದರಿಗೆ ಬನ್ನಿ. ಮದರಸಾ ಮುಂದೆ ಕೂತು ಬಿಡಿಸಿ ಆಮೇಲೆ ನಮ್ಮ ಕಾರ್ಖಾನೆಯಲ್ಲಿ ಕೆತ್ತನೆ ನೋಡಬಹುದು. ಹೊಸ ವಿನ್ಯಾಸದ ಫೋಟೊ ಮಾತ್ರ ಅವತ್ತು ತೆಗೆಯಬೇಡಿ, ಅರ್ಜಿ ಹಾಕಿದ್ದೇವೆ.


ಬಣ್ಣದ ಡಬ್ಬಿ, ಕಲಬುರಗಿ

ಸರಿ ಹಾಗಾದರೆ. ತಂಗಿ, ಸ್ಟೇಷನ್ನಿಗೆ ನಾನೇ ಬರುತ್ತೇನೆ. ಎಲ್ಲರೂ ಕುಡಿಯುವ ನೀರು, ತಲೆಗೆ ಟೋಪಿ ತನ್ನಿ. ಕೂರಲು ಚಾಪೆ ನನ್ನ ಹತ್ತಿರ ಇವೆ. ಬೋರ್ಡು ಪೇಂಟರ್ ಕಾಕಾ, ನೀವು ಬಂದರೆ ಬ್ಯಾನರ್ ನೀವೇ ಬರೆಯಬೇಕು, ಬಟ್ಟೆ ಮತ್ತು ಬಣ್ಣದ ದುಡ್ಡು, ಜೊತೆಗೆ ನಿಮ್ಮ ಕೂಲಿ ನಾವೆಲ್ಲ ಸೇರಿ ಕೊಡುತ್ತೇವೆ.